ಬಾವುಟದ ಚಕ್ರ ಹಿಂದುಮುಂದು ಒಂದೇ ಥರ ಇರಬೇಕಾ? ಶಾಲೆಯ ಧ್ವಜದ ಬಗ್ಗೆ ಕೆಲವು ಪ್ರಶ್ನೆ

ಪ್ರಶ್ನೆ (ಪ್ರೌಢಶಾಲೆಯ ದೈಹಿಕ ಶಿಕ್ಷಕರು): ಸರ್, ನಮ್ಮ ಧ್ವಜಕಂಬ 20 ಅಡಿ. ಹೊಸದಾಗಿ ತಂದ ಬಾವುಟದಲ್ಲಿ ಚಕ್ರ ಒಂದು ಮಗ್ಗುಲಲ್ಲಿ ನಿಚ್ಚಳವಾಗಿದೆ, ಹಿಂದುಗಡೆ ಮಸುಕು. ಇದನ್ನೇ ಹಾರಿಸಬಹುದಾ? ಅಳತೆ ಎಷ್ಟಿರಬೇಕು? ಚರಕ ತೆಗೆದು ಚಕ್ರ ಯಾಕೆ ಹಾಕಿದರು ಅಂತಲೂ ಮಕ್ಕಳು ಕೇಳ್ತಿದ್ದಾರೆ.

ಉತ್ತರ (ಬಾವುಟ ಹೊಲಿಗೆ ಘಟಕದವರು): ವಾಪಸ್ ಕೊಡಿ ಮೇಷ್ಟ್ರೇ. ಚಕ್ರ ಎರಡೂ ಮಗ್ಗುಲಲ್ಲಿ ಪೂರ್ತಿ ಕಾಣಬೇಕು ಅಂತ ಧ್ವಜ ಸಂಹಿತೆಯಲ್ಲೇ (ಬಾವುಟದ ಸರ್ಕಾರಿ ನಿಯಮಾವಳಿ) ಇದೆ. ಒಂದೇ ಕಡೆ ಅಚ್ಚು ಹಾಕಿ ಬಣ್ಣ ಇನ್ನೊಂದು ಕಡೆಗೆ ಇಳಿಯಲಿ ಅಂತ ಬಿಟ್ಟ ಮಾಲು ನಿಮಗೆ ಸಿಕ್ಕಿದೆ. ಸರಿಯಾದ ಕೆಲಸದಲ್ಲಿ ಎರಡೂ ಕಡೆ ಅಚ್ಚು ಹಾಕ್ತಾರೆ, 24 ಅರೆಗಳೂ (ಚಕ್ರದ ಕಡ್ಡಿಗಳು) ಒಂದರ ಬೆನ್ನಿಗೆ ಒಂದು ಕೂರಬೇಕು. ಬಿಸಿಲಿಗೆ ಹಿಡಿದು ನೋಡಿ: ಅರೆಗಳು ಜೋಡಿಯಾಗಿ ಕಂಡರೆ ಅಚ್ಚು ಸರಿದಿದೆ ಅಂತ ಲೆಕ್ಕ.

ಮಕ್ಕಳ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನಿರ್ಣಯ ಮಂಡಿಸಿದ ನೆಹರೂ ಈ ತೊಡಕನ್ನೇ ಹೇಳಿದ್ದರು. ಚರಕಕ್ಕೆ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು. ಬಾವುಟವನ್ನು ಹಿಂದಿನಿಂದ ನೋಡಿದರೆ ಅದು ತಿರುಗುಮುರುಗಾಗುತ್ತೆ. ಸಾರನಾಥದ ಅಶೋಕ ಸ್ತಂಭದ ಚಕ್ರಕ್ಕೆ ಆ ತಾಪತ್ರಯ ಇಲ್ಲ, ಎತ್ತ ನೋಡಿದರೂ ಒಂದೇ. ಚರಕವನ್ನು ಬಿಟ್ಟುಕೊಟ್ಟರು ಅಂತಲೂ ಅಲ್ಲ. ಈ ಚಕ್ರ ಚರಕದ ಸಂಕೇತ ಅಂತಲೇ ನಿರ್ಣಯದಲ್ಲಿದೆ.

ಅಳತೆಗೆ ಬರೋಣ. ಉದ್ದ, ಎತ್ತರ 3:2. ಸಂಹಿತೆಯಲ್ಲಿ ಒಟ್ಟು ಒಂಬತ್ತು ಅಳತೆಗಳಿವೆ, ದೊಡ್ಡದು 6300×4200 ಮಿ.ಮೀ., ಚಿಕ್ಕದು ಮೇಜಿನ ಮೇಲಿಡುವ 150×100. ಬಾವುಟದ ಉದ್ದ ಕಂಬದ ಕಾಲು ಭಾಗದಷ್ಟಿದ್ದರೆ ನೋಡಲು ಚೆನ್ನ. ಇದು ರೂಢಿ, ನಿಯಮ ಅಲ್ಲ. ನಿಮ್ಮ ಕಂಬಕ್ಕೆ 1350×900 ತಗೊಳ್ಳಿ. ಅದರಲ್ಲಿ ಚಕ್ರದ ಅಡ್ಡಗಲ 280 ಮಿ.ಮೀ., ಬಿಳಿ ಪಟ್ಟಿ 300. ಅಂದರೆ ಚಕ್ರದ ಮೇಲೂ ಕೆಳಗೂ 10 ಮಿ.ಮೀ. ಬಿಡುವು ಉಳಿಯಬೇಕು. ಅಂಗಡಿ ಮಾಲಿನಲ್ಲಿ ಮೊದಲು ಕೆಡೋದೇ ಈ ಬಿಡುವು.

ಪ್ರಶ್ನೆ (ಒಬ್ಬ ಸದಸ್ಯೆ): ಖಾದಿಯೇ ಆಗಬೇಕಾ ಸರ್? ಪಾಲಿಯೆಸ್ಟರ್ ಹಾರಿಸಿದರೆ ತಪ್ಪಾ?

ಉತ್ತರ: ಈಗ ತಪ್ಪಲ್ಲ ಮೇಡಂ. 2021ರ ಡಿಸೆಂಬರ್ 30ರ ತಿದ್ದುಪಡಿಯಲ್ಲಿ ಪಾಲಿಯೆಸ್ಟರಿಗೂ ಯಂತ್ರದಲ್ಲಿ ಮಾಡಿದ ಬಾವುಟಕ್ಕೂ ಅನುಮತಿ ಸಿಕ್ಕಿದೆ. ಮನೆ ಮೇಲೆ ರಾತ್ರಿ ಹಾರಿಸಲು 2022ರ ಜುಲೈಯಲ್ಲಿ ಒಪ್ಪಿಗೆ ಬಂತು. ಮಳೆನಾಡಿನಲ್ಲಿ ಪಾಲಿಯೆಸ್ಟರ್ ಬೇಗ ಆರುತ್ತೆ, ಒಪ್ಪಿಕೊಳ್ಳಬೇಕು. ಆದರೆ ಗಾಳಿಗೆ ಬಡಿದುಕೊಳ್ಳೋ ತುದಿಯ ಮಡಿಕೆ ಹೊಲಿಗೆ ಸಡಿಲ ಇದ್ದರೆ ಯಾವ ಬಟ್ಟೆಯೂ ನಿಲ್ಲೋದಿಲ್ಲ, ಕೊಳ್ಳುವಾಗ ಅದನ್ನು ಎಳೆದು ನೋಡಿ. ಖಾದಿಯೇ ಬೇಕೆಂದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, ಐಎಸ್‌ಐ ಗುರುತಿನ ಬಾವುಟ ಮಾಡ್ತಾರೆ. ಖಾದಿಯನ್ನು ಒಗೆದ ಮೇಲೆ ಒಂದೇ ಮೂಲೆ ಹಿಡಿದು ನೇತುಹಾಕಬೇಡಿ. ಬಟ್ಟೆ ಓರೆಯಾಗಿ ಜಗ್ಗಿ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತೆ.

ಪ್ರಶ್ನೆ: ಕೇಸರಿ ತ್ಯಾಗ, ಬಿಳಿ ಶಾಂತಿ, ಹಸಿರು ಸಮೃದ್ಧಿ ಅಂತ ನಾವು ಕಲಿತದ್ದು. ಸರಿ ತಾನೇ?

ಉತ್ತರ (ಇತಿಹಾಸ ಉಪನ್ಯಾಸಕರು): 1947ರ ನಿರ್ಣಯದಲ್ಲಿ ಬಣ್ಣದ ಹೆಸರಿದೆ, ಅರ್ಥ ಇಲ್ಲ. ಗಾಢ ಕೇಸರಿ, ಬಿಳಿ, ಗಾಢ ಹಸಿರು ಸಮ ಪ್ರಮಾಣದಲ್ಲಿ, ಅಷ್ಟೇ. ಅರ್ಥ ಕಾಲಕ್ಕೊಂದರಂತೆ ಬದಲಾಗಿದೆ. 1921ರಲ್ಲಿ ಬೆಜವಾಡದಲ್ಲಿ (ಈಗಿನ ವಿಜಯವಾಡ) ಬಾವುಟದ ವಿನ್ಯಾಸ ಮಾಡಿದ ಪಿಂಗಳಿ ವೆಂಕಯ್ಯ ಗಾಂಧೀಜಿಗೆ ತೋರಿಸಿದ್ದು ಕೆಂಪು-ಹಸಿರಿನ ಬಾವುಟ. ಬಿಳಿ ಮತ್ತು ಚರಕ ಸೇರಿದ್ದು ಗಾಂಧೀಜಿ ಸಲಹೆಯಿಂದ. ಆಗ ಜನ ಬಣ್ಣಗಳನ್ನು ಧರ್ಮಗಳಿಗೆ ಹಂಚಿದರು, ತಕರಾರು ಎದ್ದಿತು. ಅದಕ್ಕೇ 1931ರಲ್ಲಿ ಕಾಂಗ್ರೆಸ್ ಬಣ್ಣಕ್ಕೂ ಮತಕ್ಕೂ ಸಂಬಂಧ ಇಲ್ಲ ಎಂದು ಬರೆದೇ ಹಾಕಿತು. ಕೇಸರಿ ಧೈರ್ಯ-ತ್ಯಾಗ, ಬಿಳಿ ಶಾಂತಿ-ಸತ್ಯ, ಹಸಿರು ಶ್ರದ್ಧೆ-ಶೌರ್ಯ ಎಂದಿತು. 1947ರಲ್ಲಿ ರಾಧಾಕೃಷ್ಣನ್ ಹಸಿರನ್ನು ಮಣ್ಣು, ಗಿಡಮರಗಳ ಜೊತೆಗಿನ ನಂಟು ಎಂದರು. ನಿಮ್ಮ 'ಸಮೃದ್ಧಿ' ಇದಕ್ಕೆ ಹತ್ತಿರ. ಪರೀಕ್ಷೆಗೆ ಅದನ್ನೇ ಬರೆಯಿರಿ, ಅಂಕ ಬರುತ್ತೆ; ಅದೊಂದೇ ಅರ್ಥ ಅಂತ ಮಾತ್ರ ಹೇಳಬೇಡಿ.

ಪ್ರಶ್ನೆ (ಮತ್ತೆ ದೈಹಿಕ ಶಿಕ್ಷಕರು): ಕೊನೇದು ಸರ್. ಮುಖ್ಯ ಅತಿಥಿ ಹಗ್ಗ ಎಳೆದಾಗ ಬಾವುಟ ಬಿಚ್ಚಿಕೊಳ್ಳದೆ ಸಿಕ್ಕಿಹಾಕಿಕೊಳ್ಳುತ್ತಲ್ಲ, ಏನು ಮಾಡೋದು?

ಉತ್ತರ (ಹೊಲಿಗೆ ಘಟಕದವರು): ಹತ್ತಕ್ಕೆ ಒಂಬತ್ತು ಸಲ ಅದು ಗಂಟಿನ ತಪ್ಪು. ಮೊದಲು ಮರದ ಗುಬ್ಬಿ (ಕುಣಿಕೆಗೆ ಸಿಕ್ಕಿಸುವ ಚಿಕ್ಕ ಮರದ ತುಂಡು) ಇರುವ ತುದಿ ಹುಡುಕಿ, ಅದು ಕೇಸರಿ ಕಡೆ, ಹಗ್ಗದ ಮೇಲಿನ ಕುಣಿಕೆಗೆ ಹೋಗಬೇಕು. ಇಲ್ಲಿ ಅದಲುಬದಲಾದರೆ ಬಾವುಟ ತಲೆಕೆಳಗು. ಬಾವುಟವನ್ನು ಅಡ್ಡಕ್ಕೆ ಮಡಿಸಿ, ಗಾಳಿಗೆ ಹಾರುವ ತುದಿಯಿಂದ ಕಂಬದ ಕಡೆಗೆ ಬೀಸಣಿಗೆಯ ಹಾಗೆ ಮಡಿಕೆ ಹಾಕುತ್ತಾ ಬನ್ನಿ. ಹೂವಿನ ಎಸಳು ಇಡಲು ಸಂಹಿತೆ ಒಪ್ಪುತ್ತೆ. ಒಂದು ಹಿಡಿ ಸಾಕು, ನೀರು ಚಿಮುಕಿಸಿದ ಹೂ ಬೇಡ, ಬಿಳಿ ಪಟ್ಟಿಗೆ ಕಲೆ ಹಿಡಿಯುತ್ತೆ. ಆಮೇಲೆ ಎಳೆಯುವ ಹಗ್ಗವನ್ನು ಮಡಿಸಿದ ಬಾವುಟದ ಸುತ್ತ ಎರಡೇ ಸುತ್ತು ಸುತ್ತಿ, ಹಗ್ಗವನ್ನು ಕುಣಿಕೆಯಂತೆ ಮಡಿಸಿ ಕೊನೆಯ ಸುತ್ತಿನೊಳಗೆ ತೂರಿಸಿ. ತುದಿಯನ್ನೇ ಪೂರ್ತಿ ತೂರಿಸಿದಿರೋ, ಎಳೆದಷ್ಟೂ ಕಗ್ಗಂಟು. ಹಿಂದಿನ ರಾತ್ರಿಯೇ ಕಟ್ಟಿ ಮೇಲೇರಿಸಿದರೆ ಇಬ್ಬನಿಗೆ ಹಗ್ಗ ಬಿಗಿಯುತ್ತೆ. ಬೆಳಿಗ್ಗೆ ಕಟ್ಟಿ, ಕೆಳಗೇ ಒಮ್ಮೆ ಎಳೆದು ನೋಡಿ, ಮತ್ತೆ ಕಟ್ಟಿ.

ಅಂದಹಾಗೆ, ಮೇಲೆ ಕಟ್ಟಿಟ್ಟು ಬಿಚ್ಚೋದು ಜನವರಿ 26ರ ಪದ್ಧತಿ. ಕೆಂಪು ಕೋಟೆಯಲ್ಲಿ ಆಗಸ್ಟ್ 15ಕ್ಕೆ ಬಾವುಟ ಕೆಳಗಿನಿಂದ ಏರುತ್ತೆ. ಏರಿಸೋದು ಚುರುಕಾಗಿ, ಇಳಿಸೋದು ನಿಧಾನವಾಗಿ.

ಪ್ರಶ್ನೆ: ಹಳೇ, ಹರಿದ ಬಾವುಟ ಎರಡಿವೆ. ಅವನ್ನು?

ಉತ್ತರ: ಕತ್ತರಿಸಬೇಡಿ, ಒರೆಸುವ ಬಟ್ಟೆ ಮಾಡಬೇಡಿ, ಕಸಕ್ಕೂ ಬೇಡ. ಇಡಿಯಾಗಿ, ಯಾರೂ ಇಲ್ಲದ ಕಡೆ, ಗೌರವದಿಂದ ಸುಟ್ಟುಬಿಡಿ. ಖಾದಿಯಾದರೆ ಬೂದಿ ಉಳಿಯುತ್ತೆ. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕುತ್ತೆ, ಕೈ ದೂರ ಇರಲಿ.