‘ಪ್ಯಾನೆಲ್ ಹೋಗಿದೆ’ ಎಂದರು, ನಂಬಲೇ?

ಸಾಗರದಿಂದ, ಪ್ರಶ್ನೆ ಕೇಳಿದವರು

ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಇಷ್ಟೇ ವ್ಯವಹಾರ. ಏಳು ವರ್ಷದ 22 ಇಂಚಿನ ಎಲ್‌ಇಡಿ ಮಾನಿಟರ್ ಈ ಜೂನ್‌ನಿಂದ ಕಾಟ ಕೊಡುತ್ತಿದೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಚಿತ್ರ ಚೆನ್ನಾಗಿಯೇ ಬರುತ್ತದೆ, ಅರ್ಧ ನಿಮಿಷದಲ್ಲಿ ಪರದೆ ಕಪ್ಪು. ಕೆಳಗಿನ ನೀಲಿ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಗುಂಡಿ ಒತ್ತಿ ಆರಿಸಿ ಮತ್ತೆ ಹಾಕಿದರೆ ಇನ್ನರ್ಧ ನಿಮಿಷ. ಹತ್ತು ಹದಿನೈದು ಸಲ ಹೀಗೆ ಪೂಜೆ ಮಾಡಿದ ಮೇಲೆ, ಅದಕ್ಕೆ ಮನಸ್ಸು ಬಂದರೆ ಸಂಜೆಯವರೆಗೂ ನಿಲ್ಲುತ್ತದೆ. ಬಲಗಡೆ ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಷ್ಟು ಹಸಿರು ಗೆರೆ ಬೇರೆ ಇದೆ. ಅದು ವರ್ಷದಿಂದ ಇರುವುದು.

ಊರಿನ ಅಂಗಡಿಯೊಬ್ಬರು ಹಿಂಬದಿಯನ್ನು ತೆರೆಯದೆಯೇ ‘ಪ್ಯಾನೆಲ್ ಹೋಗಿದೆ, ಹೊಸದು ತೆಗೆದುಕೊಳ್ಳಿ’ ಎಂದರು. ಪ್ಯಾನೆಲ್ ಎಂದರೆ ಚಿತ್ರ ಮೂಡುವ ಪರದೆಯೇ. ನಿಜವೇ ಇರಬಹುದು, ಆದರೆ ನಾಡಿ ಹಿಡಿಯದೆ ಹೇಳಿದ ಮಾತು ಮನಸ್ಸಿಗೆ ಹಿಡಿಸಲಿಲ್ಲ. ಈಗ ಆಷಾಢ, ಕೈ ಖಾಲಿ. ಶ್ರಾವಣ ಬಂದರೆ ಲಗ್ನಪತ್ರಿಕೆಯವರು ಬಾಗಿಲಲ್ಲಿ ನಿಲ್ಲುತ್ತಾರೆ. ಹೀಗೆ ಆದವರು ಏನು ಮಾಡಿದಿರಿ? ನನಗೆ ಸ್ಕ್ರೂಡ್ರೈವರ್ ಹಿಡಿಯಲು ಬರುತ್ತದೆ, ಅದಕ್ಕಿಂತ ಹೆಚ್ಚಿನದು ಬರುವುದಿಲ್ಲ.

ಧಾರವಾಡದಿಂದ, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು

ನಲವತ್ತು ಮಾನಿಟರ್‌ಗಳನ್ನು ಹನ್ನೆರಡು ವರ್ಷ ಸಾಕಿದವನು ನಾನು. ನನ್ನ ಬಳಿ ಬಂದ ದೂರುಗಳಲ್ಲಿ ಎಷ್ಟೋ ಕೇಬಲ್ಲಿನವು, ಕೆಲವು ಕಂಪ್ಯೂಟರಿನವು. ಆದ್ದರಿಂದ ಮೊದಲು ಆರೋಪಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ.

ಕೇಬಲ್ ಕಳಚಿಬಿಡಿ, ಮಾನಿಟರಿಗೆ ಕರೆಂಟ್ ಮಾತ್ರ ಇರಲಿ. ಸಿಗ್ನಲ್ ಇಲ್ಲವೆಂಬ ಬರಹ ಬರುತ್ತದೆ. ಆ ಬರಹ ಮಾನಿಟರಿನ ಸ್ವಂತದ್ದು, ಕಂಪ್ಯೂಟರಿಗೂ ಅದಕ್ಕೂ ಸಂಬಂಧವಿಲ್ಲ. ಅದು ಸ್ಪಷ್ಟವಾಗಿ ಬಂದರೆ ಪರದೆಗೆ ಜೀವವಿದೆ ಎಂದಾಯಿತು. ಆದರೆ ಕೇಬಲ್ ಇಲ್ಲದ ಮಾನಿಟರ್ ಕೆಲವು ಸೆಕೆಂಡಿನಲ್ಲಿ ತಾನಾಗಿಯೇ ನಿದ್ದೆಗೆ ಜಾರುತ್ತದೆ, ಅದನ್ನು ರೋಗವೆಂದುಕೊಳ್ಳಬೇಡಿ. ನಿದ್ದೆಗೆ ಹೋದರೆ ಸಾಮಾನ್ಯವಾಗಿ ದೀಪದ ಬಣ್ಣ ಬದಲಾಗುತ್ತದೆ, ಇಲ್ಲವೇ ಅದು ಮಿಟುಕುತ್ತದೆ. ನಿಮ್ಮದು ಕಪ್ಪಾದಾಗಲೂ ದೀಪ ಒಂದೇ ಸಮ ಉರಿಯುತ್ತದೆ ಎಂದಿದ್ದೀರಿ. ಅಂದರೆ ಪರದೆ ಕತ್ತಲಾದರೂ ಮಾನಿಟರ್ ತಾನು ಎಚ್ಚರವಾಗಿದ್ದೇನೆಂದೇ ಅಂದುಕೊಂಡಿದೆ. ಇದು ಒಳ್ಳೆಯ ಸುಳಿವು.

ಹಸಿರು ಗೆರೆಯ ವಿಚಾರಣೆ ಬೇರೆ. ಅದು ಕಾಣುತ್ತಿರುವಾಗ ಒಂದು ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳುಹಿಸಿಕೊಳ್ಳಿ. ಮೊಬೈಲಿನಲ್ಲೂ ಗೆರೆ ಕಂಡರೆ ದೋಷ ಕಂಪ್ಯೂಟರಿನೊಳಗೆ. ಕಾಣದಿದ್ದರೆ ಮಾನಿಟರಿನ ಗುಂಡಿ ಒತ್ತಿ ಅದರ ಮೆನು ತೆರೆದು, ಗೆರೆ ಇರುವ ಜಾಗಕ್ಕೆ ಸರಿಸಿ ನೋಡಿ. ಗೆರೆ ಮೆನುವಿನ ಮೇಲೂ ಹಾದುಹೋದರೆ ದೋಷ ಮಾನಿಟರಿನದೇ. ಮೆನು ಶುಭ್ರವಾಗಿದ್ದು ಸುತ್ತಲಿನ ಚಿತ್ರದಲ್ಲಷ್ಟೇ ಗೆರೆ ಇದ್ದರೆ ಕೇಬಲ್ ಅಥವಾ ಗ್ರಾಫಿಕ್ಸ್ ಕಾರ್ಡ್. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಇನ್ನೂ ವಿಜಿಎ ಕೇಬಲ್ ಬಳಸುವವರಿಗೆ ಒಂದು ಮಾತು. ಅದರ 1, 2, 3ನೆಯ ಪಿನ್‌ಗಳು ಕ್ರಮವಾಗಿ ಕೆಂಪು, ಹಸಿರು, ನೀಲಿ ಬಣ್ಣ ಹೊರುತ್ತವೆ. ನೀಲಿ ಕೈಕೊಟ್ಟರೆ ಬಿಳಿ ಪುಟ ಹಳದಿಯಾಗುತ್ತದೆ. ನಮ್ಮ ಲ್ಯಾಬಿನಲ್ಲಿ ಹುಡುಗರು ಒಂದಕ್ಕೆ ಕಾಮಾಲೆ ಮಾನಿಟರ್ ಎಂದೇ ಹೆಸರಿಟ್ಟಿದ್ದರು. ಮಡಚಿದ ಪಿನ್ನೊಂದನ್ನು ನೆಟ್ಟಗೆ ಮಾಡಿದ ಮೇಲೆ ಕಾಮಾಲೆ ಇಳಿಯಿತು. 15 ಪಿನ್‌ಗಳಲ್ಲಿ 9ನೆಯದು ಅನೇಕ ಕೇಬಲ್‌ಗಳಲ್ಲಿ ಇರುವುದೇ ಇಲ್ಲ, ಅದನ್ನು ಕಂಡು ಮುರಿದಿದೆ ಎಂದು ಗಾಬರಿಯಾಗಬೇಡಿ. ನಾನು ಗಾಬರಿಯಾಗಿ ಮೂರು ಕೇಬಲ್ ಎಸೆದಿದ್ದೇನೆ.

ದಾವಣಗೆರೆಯಿಂದ, ರಿಪೇರಿ ಕೆಲಸದವರು

ಈ ಲಕ್ಷಣ ನನಗೆ ಬಾಯಿಪಾಠ. ಚಿತ್ರ ಬಂದು ಹೋಗುವುದು, ದೀಪ ಉಳಿಯುವುದು, ಬೆಳಿಗ್ಗೆ ಹಟ, ಬಿಸಿಯಾದ ಮೇಲೆ ಸುಮ್ಮನಿರುವುದು. ಇದರಲ್ಲಿ ಪ್ಯಾನೆಲ್ಲನ್ನು ಕೊನೆಗೆ ಅನುಮಾನಿಸಬೇಕು.

ಇಂದು ರಾತ್ರಿ ಹೀಗೆ ಮಾಡಿ. ಕೋಣೆಯ ದೀಪ ಆರಿಸಿ. ಪರದೆ ಕಪ್ಪಾದ ತಕ್ಷಣ ಟಾರ್ಚನ್ನು ಗಾಜಿನ ಹತ್ತಿರ ಓರೆಯಾಗಿ ಹಿಡಿದು ನೋಡಿ. ಮಸುಕಾಗಿಯಾದರೂ ಅಕ್ಷರಗಳು, ಐಕಾನ್‌ಗಳು ಕಂಡರೆ ಚಿತ್ರ ಅಲ್ಲೇ ಇದೆ, ಅದರ ಹಿಂದಿನ ಬೆಳಕು ಹೋಗಿದೆ. ಎಲ್‌ಇಡಿ ಮಾನಿಟರಿನಲ್ಲೂ ಇರುವುದು ಎಲ್‌ಸಿಡಿ ಪರದೆಯೇ, ಎಲ್‌ಇಡಿ ಅದರ ಹಿಂದಿನ ದೀಪ. ಪರದೆ ತಾನಾಗಿ ಹೊಳೆಯುವುದಿಲ್ಲ. ಹಿಂದಿನಿಂದ ಬ್ಯಾಕ್‌ಲೈಟ್ ಬೆಳಕು ಕೊಡಬೇಕು, ಪರದೆ ಕಿಟಕಿಯ ಹಾಗೆ ತೆರೆದು ಮುಚ್ಚುತ್ತದೆ ಅಷ್ಟೇ.

ಎರಡನೆಯದು, ಬೆಳಿಗ್ಗೆ ಹಾಕಿದ ಕೂಡಲೇ ಮೆನುವಿನಲ್ಲಿ ಬ್ರೈಟ್‌ನೆಸ್ಸನ್ನು 20ಕ್ಕೆ ಇಳಿಸಿ. ಹಾಗೆ ಮಾಡಿದಾಗ ಕಪ್ಪಾಗದೆ ನಿಂತರೆ ವಿದ್ಯುತ್ ಪೂರೈಕೆ ಸೊರಗಿರುವ ಸಾಧ್ಯತೆ ಹೆಚ್ಚು. ಬ್ಯಾಕ್‌ಲೈಟ್ ಹೆಚ್ಚು ಕರೆಂಟ್ ಕೇಳಿದಾಗ ವೋಲ್ಟೇಜ್ ಕುಸಿಯುತ್ತದೆ, ಬೆಳಕಿನ ಸರ್ಕಿಟ್ ತನ್ನನ್ನು ಕಾಪಾಡಿಕೊಳ್ಳಲು ಮುಚ್ಚಿಕೊಳ್ಳುತ್ತದೆ. 20ರಲ್ಲೂ ಕಪ್ಪಾದರೆ ಎಲ್‌ಇಡಿ ಪಟ್ಟಿ ಅಥವಾ ಅದಕ್ಕೆ ಕರೆಂಟ್ ಕೊಡುವ ಡ್ರೈವರ್ ಸರ್ಕಿಟ್ ನೋಡಬೇಕು.

ವಿದ್ಯುತ್ ಪೂರೈಕೆಯಲ್ಲಿ ಸೊರಗುವುದು ಬಹುಪಾಲು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಕೂಡಿಟ್ಟು ಸಮವಾಗಿ ಕೊಡುವ ಪುಟ್ಟ ಡಬ್ಬಿ. ಒಳಗಿನ ದ್ರವ ವರ್ಷಗಳ ಶಾಖಕ್ಕೆ ಒಣಗುತ್ತದೆ. ಒಣಗಿದ್ದು ತಣ್ಣಗಿದ್ದಾಗ ಇನ್ನೂ ಕೆಟ್ಟದಾಗಿ ವರ್ತಿಸುತ್ತದೆ, ಬಿಸಿಯೇರಿದರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ನಿಮ್ಮ ಬೆಳಗಿನ ಪೂಜೆಯ ಗುಟ್ಟು ಇದು. ಕೆಲವದರ ತಲೆ ಪೂರಿಯಂತೆ ಉಬ್ಬಿರುತ್ತದೆ, ನೋಡಿದರೇ ಗೊತ್ತಾಗುತ್ತದೆ. ಕೆಲವು ಹೊರಗೆ ನೆಟ್ಟಗಿದ್ದು ಒಳಗೆ ಖಾಲಿಯಾಗಿರುತ್ತವೆ.

ಅಂಗಡಿಯವರು ಪ್ಯಾನೆಲ್ ಎಂದೇಕೆ ಅನ್ನುತ್ತಾರೆಂದರೆ, ಪ್ಯಾನೆಲ್ ಬೆಲೆ ಹೊಸ ಮಾನಿಟರಿನ ಬೆಲೆಗೆ ಹತ್ತಿರ. ಆ ಒಂದು ಪದ ಹೇಳಿದರೆ ಗಿರಾಕಿ ಮುಂದೆ ಪ್ರಶ್ನೆ ಕೇಳುವುದಿಲ್ಲ. ಇಪ್ಪತ್ತು ರೂಪಾಯಿಯ ಕೆಪಾಸಿಟರ್ ಹುಡುಕಲು ಒಂದು ಗಂಟೆ ಕೂರಬೇಕು, ಆ ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ಅವರನ್ನೇ ಪೂರ್ತಿ ಬೈಯಲಾರೆ.

ನಿಮ್ಮದರ ಹಿಂದೆ ನೇರ ಮೂರು ಪಿನ್ನಿನ ವೈರ್ ಹೋಗುತ್ತದೆಯೇ, ಅಥವಾ ಲ್ಯಾಪ್‌ಟಾಪಿನಂತೆ ಹೊರಗೆ ಅಡಾಪ್ಟರ್ ಡಬ್ಬಿ ಇದೆಯೇ, ಅದನ್ನು ತಿಳಿಸಿ. ನೇರ ವೈರ್ ಆದರೆ ತೆರೆಯಬೇಡಿ. ನಮ್ಮ 230 ವೋಲ್ಟ್ ಒಳಗೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಉಳಿದಿರಬಹುದು. ಸ್ಕ್ರೂಡ್ರೈವರ್ ಹಿಡಿಯಲು ಬರುವವರಿಗೇ ಅದು ಹೆಚ್ಚು ಹೊಡೆಯುವುದು.

ಉಡುಪಿಯಿಂದ

ಜೂನ್‌ನಲ್ಲಿ ಶುರುವಾಯಿತು ಎಂದರೆ ತೇವಾಂಶವೇ ಇರಬೇಕು. ನಮ್ಮಲ್ಲಿ ಉಪ್ಪುಗಾಳಿ ಬೇರೆ, ಕೇಬಲ್ಲಿನ ಪಿನ್‌ಗಳ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಮಳೆಗಾಲದಲ್ಲಿ ನಾನು ದಿನಕ್ಕೊಮ್ಮೆಯಾದರೂ ಮಾನಿಟರನ್ನು ಒಂದು ಗಂಟೆ ಉರಿಸುತ್ತೇನೆ, ಬೇಡವಾಗಿದ್ದರೂ. ಜೊತೆಗೆ ಒಂದು ಸ್ಟೆಬಿಲೈಸರ್ ಹಾಕಿಬಿಡಿ, ಮಲೆನಾಡಿನ ವೋಲ್ಟೇಜ್ ನಂಬುವಂಥದ್ದಲ್ಲ.

ಇನ್ನೊಂದು ಅನುಭವ: ಪರದೆಯೊಳಗೆ ಇರುವೆ ಹರಿದಾಡುವುದನ್ನು ನೋಡಿದ್ದೀರಾ? ನಾನು ಮೌಸ್ ಬಾಣವೆಂದುಕೊಂಡು ಹಿಂಬಾಲಿಸಿದ್ದೆ. ಬೆರಳಿನಿಂದ ಒತ್ತಬೇಡಿ, ಅಲ್ಲೇ ಸತ್ತರೆ ಶಾಶ್ವತ ಚುಕ್ಕಿ. ಮಾನಿಟರ್ ಆರಿಸಿ, ಅಂಚಿನ ಹೊರಗೆ ಒಂದು ದೀಪ ಇಟ್ಟು ಮಲಗಿ. ನಮ್ಮದು ಬೆಳಿಗ್ಗೆ ಹೋಗಿತ್ತು.

ದಾವಣಗೆರೆಯಿಂದ, ರಿಪೇರಿ ಕೆಲಸದವರು

ಇರುವೆಯ ಉಪಾಯ ಸರಿ. ಸ್ಟೆಬಿಲೈಸರ್ ಬೇಡ. ಅಡಾಪ್ಟರ್ ಅಥವಾ ಮಾನಿಟರಿನ ಹಿಂದಿನ ಚೀಟಿ ಓದಿ. ಬಹುತೇಕ 100–240 ವೋಲ್ಟ್ ಎಂದು ಇರುತ್ತದೆ. 170ಕ್ಕೆ ಇಳಿದರೂ ಅದು ನಡೆಯುತ್ತದೆ. ಮಲೆನಾಡಿನಲ್ಲಿ ನಿಜವಾಗಿ ಕೊಲ್ಲುವುದು ಸಿಡಿಲು, ಅದನ್ನು ಸ್ಟೆಬಿಲೈಸರ್ ತಡೆಯುವುದಿಲ್ಲ, ಪ್ಲಗ್ ಕಿತ್ತಿಡುವುದೇ ತಡೆಯುತ್ತದೆ. ತೇವದ ಬಗ್ಗೆ ಅರ್ಧ ಒಪ್ಪುತ್ತೇನೆ. ಮಳೆಗಾಲದ ಬೆಳಗು ತಂಪಾಗಿರುತ್ತದೆ, ಸೊರಗಿದ ಕೆಪಾಸಿಟರಿಗೆ ಅಷ್ಟು ಸಾಕು.

ಬೆಂಗಳೂರಿನಿಂದ

ನನ್ನದು ನಿಮ್ಮ ಸಮಸ್ಯೆಯಲ್ಲ, ಆದರೂ ಹೇಳಲೇಬೇಕು. ಎರಡನೆಯ ಪರದೆ ದಿನಕ್ಕೆ ನಾಲ್ಕೈದು ಸಲ ಎರಡು ಸೆಕೆಂಡ್ ಕಪ್ಪಾಗಿ ಮರಳುತ್ತಿತ್ತು. ಡ್ರೈವರ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಮಾನಿಟರ್ ಬದಲಿಸಲು ಹೊರಟಿದ್ದೆ. ನಾನು ಕಾಫಿಗೆ ಎದ್ದಾಗಲೆಲ್ಲ ಹೀಗಾಗುತ್ತದೆ ಎಂದು ಕಂಡುಹಿಡಿದವಳು ಹೆಂಡತಿ. ಗ್ಯಾಸ್ ಸಿಲಿಂಡರಿನಿಂದ ಏರಿಳಿಯುವ ಕುರ್ಚಿಯಿಂದ ಏಳುವಾಗ ಸ್ಥಿರವಿದ್ಯುತ್ತಿನ ಒಂದು ಚಿಟಿಕೆ ಹುಟ್ಟುತ್ತದೆ, ರಕ್ಷಾಕವಚ ಸರಿಯಿಲ್ಲದ ಅಗ್ಗದ ಕೇಬಲ್ ಅದನ್ನು ಹಿಡಿದುಕೊಳ್ಳುತ್ತದೆ. ಇದು ಅಲ್ಲಲ್ಲಿ ದಾಖಲಾಗಿರುವ ವಿಷಯವೇ. ಗಿಡ್ಡನೆಯ, ದಪ್ಪನೆಯ ಎಚ್‌ಡಿಎಂಐ ಕೇಬಲ್ ಹಾಕಿದೆ, ನಿಂತಿತು. ಕಚೇರಿಯಲ್ಲಿ ಇದನ್ನು ಇನ್ನೂ ಯಾರೂ ನಂಬಿಲ್ಲ.

ಮೈಸೂರಿನಿಂದ

ಹಿಂದೆ ಟಿವಿಯಂಥ ದಪ್ಪ ಮಾನಿಟರ್ ಇದ್ದಾಗ ಬದಿಗೆ ಒಂದು ಪೆಟ್ಟು ಕೊಟ್ಟರೆ ಸರಿಹೋಗುತ್ತಿತ್ತು. ಮೂಲೆಯಲ್ಲಿ ನೇರಳೆ ಬಣ್ಣ ಕೂತರೆ ಸ್ಪೀಕರಿನ ಅಯಸ್ಕಾಂತವನ್ನು ದೂರ ಇಡುತ್ತಿದ್ದೆವು, ಪರದೆಗೆ ಹಿಡಿದ ಕಾಂತತೆ ಕಳೆಯುವ ಡೀಗಾಸ್ ಗುಂಡಿ ಒತ್ತಿದರೆ ‘ಧುಂ’ ಎಂದು ನಡುಗಿ ಶುಚಿಯಾಗುತ್ತಿತ್ತು. ಈಗಿನವಕ್ಕೆ ಪೆಟ್ಟು ಕೊಟ್ಟು ನಾನು ಒಂದನ್ನು ಕಳೆದುಕೊಂಡಿದ್ದೇನೆ. ದಯವಿಟ್ಟು ಬೇಡ.

ಸಾಗರದಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಟಾರ್ಚ್ ಹಿಡಿದೆ. ಕಪ್ಪು ಪರದೆಯಲ್ಲಿ ಲಗ್ನಪತ್ರಿಕೆಯ ಗಣಪತಿ ಮಸುಕಾಗಿ ಕೂತಿದ್ದ. ಮೈ ಜುಂ ಎಂದಿತು. ಚಿತ್ರ ಇದೆ, ಬೆಳಕಿಲ್ಲ.

ಇಂದು ಬೆಳಿಗ್ಗೆ ಹಾಕಿದ ಕೂಡಲೇ ಬ್ರೈಟ್‌ನೆಸ್ 20 ಮಾಡಿದೆ. ನಾಲ್ಕು ಗಂಟೆ ಒಮ್ಮೆಯೂ ಕಪ್ಪಾಗಲಿಲ್ಲ. 80ಕ್ಕೆ ಏರಿಸಿದೆ, ಎರಡು ನಿಮಿಷದಲ್ಲಿ ಹೋಯಿತು. ಹೊರಗೆ ಅಡಾಪ್ಟರ್ ಡಬ್ಬಿ ಇದೆ. ಚೀಟಿಯಲ್ಲಿ 14 ವೋಲ್ಟ್, 1.79 ಆಂಪಿಯರ್ ಎಂದಿದೆ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಅಡಾಪ್ಟರ್ ಬಿದ್ದಿದೆ, ಅದನ್ನು ಹಾಕಿ ನೋಡಲೇ?

ಕಲಬುರಗಿಯಿಂದ

ಬೇಡ! ನಾನು ಹಾಕಿದ್ದೆ. 19 ವೋಲ್ಟಿನದು, ಪಿನ್ ಹೇಗೋ ಕೂತಿತು. ಟಪ್ ಎಂದಿತು, ಮೆಣಸಿನಕಾಯಿ ಸುಟ್ಟಂತೆ ಘಾಟು ಬಂತು. ಆಮೇಲೆ ನಿಜವಾಗಿಯೂ ಹೊಸ ಮಾನಿಟರ್ ತೆಗೆದುಕೊಂಡೆ.

ದಾವಣಗೆರೆಯಿಂದ, ರಿಪೇರಿ ಕೆಲಸದವರು

ಕಲಬುರಗಿಯವರು ನನ್ನ ಕೆಲಸ ಉಳಿಸಿದರು. 20ರಲ್ಲಿ ನಿಂತು 80ರಲ್ಲಿ ಹೋಯಿತು ಎಂದರೆ ಸೊರಗಿರುವುದು ಬಹುಶಃ ಆ ಅಡಾಪ್ಟರೇ, ಬೇರೆಯದನ್ನು ತಂದು ಹಾಕಿ ನೋಡಿ. ವೋಲ್ಟ್ ಅಷ್ಟೇ ಇರಬೇಕು: 14 ಎಂದರೆ 14. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆ ಇರಬಾರದು. ನಿಮ್ಮದಕ್ಕೆ 25 ವಾಟ್ ಬೇಕು, 3 ಆಂಪಿಯರಿನದು ಸಿಕ್ಕರೂ ಹಾಕಬಹುದು. ಮಾನಿಟರ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಚೀಟಿಯ ಮೇಲೆ ವೃತ್ತದ ನಡುವೆ ಚುಕ್ಕಿ ಇರುವ ಚಿಹ್ನೆ ಇದೆ, ನಡುವಿನ ಪಿನ್ ಪ್ಲಸ್ಸೋ ಮೈನಸ್ಸೋ ಎಂದು ಅದು ಹೇಳುತ್ತದೆ. ಎರಡರಲ್ಲೂ ಅದು ಒಂದೇ ಇರಬೇಕು. ಪಿನ್ನಿನ ಗಾತ್ರವನ್ನೂ ಹಳೆಯದನ್ನು ಜೊತೆಗೆ ಒಯ್ದು ಹೊಂದಿಸಿ.

ಯಾರಾದರೂ ಮಲ್ಟಿಮೀಟರ್ ಹಿಡಿದು ‘14 ತೋರಿಸುತ್ತಿದೆ, ಅಡಾಪ್ಟರ್ ಚೆನ್ನಾಗಿದೆ’ ಎಂದರೆ ನಂಬಬೇಡಿ. ಹೊರೆ ಇಲ್ಲದಾಗ ಸೊರಗಿದ್ದೂ 14 ತೋರಿಸುತ್ತದೆ. ಮಾನಿಟರ್ ಉರಿಯುತ್ತಿರುವಾಗ ಅಳೆಯಬೇಕು. ಹಳೆಯ ಡಬ್ಬಿಯನ್ನು ಒಡೆಯಬೇಡಿ, ಅದರೊಳಗೂ ಆ 325 ವೋಲ್ಟೇ.

ಓದುತ್ತಿರುವ ಇತರರಿಗೆ: 2010ರ ಸುಮಾರಿಗೆ ಕೊಂಡ ಮಾನಿಟರ್ ಆದರೆ ಒಳಗೆ ಎಲ್‌ಇಡಿ ಬದಲು ಸಣ್ಣ ಟ್ಯೂಬ್ ದೀಪಗಳಿರಬಹುದು. ಮುದಿಯಾದ ಟ್ಯೂಬ್ ಹಾಕಿದ ಕೂಡಲೇ ಕೆಂಪು ಛಾಯೆ ತೋರುತ್ತದೆ, ಎರಡು ಸೆಕೆಂಡಿಗೆ ಆರಿಹೋಗುತ್ತದೆ. ಅದರಲ್ಲಿ ಪಾದರಸವಿದೆ, ಒಡೆಯಬೇಡಿ, ಗುಜರಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಸಾಗರದಿಂದ, ಪ್ರಶ್ನೆ ಕೇಳಿದವರು

ಶಿವಮೊಗ್ಗದಲ್ಲಿ 450 ರೂಪಾಯಿಗೆ ಸಿಕ್ಕಿತು, 14 ವೋಲ್ಟ್, 3 ಆಂಪಿಯರ್. ಹಾಕಿ ಒಂಬತ್ತು ದಿನವಾಯಿತು. ಬ್ರೈಟ್‌ನೆಸ್ 70ರಲ್ಲಿದೆ, ಒಮ್ಮೆಯೂ ಕಪ್ಪಾಗಿಲ್ಲ. ನಡುವೆ ಮೂರು ದಿನ ಬಿಡದೆ ಮಳೆ ಹೊಡೆಯಿತು, ಆಗಲೂ ಇಲ್ಲ.

ಹಸಿರು ಗೆರೆಯ ಪರೀಕ್ಷೆಯನ್ನೂ ಮಾಡಿದೆ. ಸ್ಕ್ರೀನ್‌ಶಾಟಿನಲ್ಲಿ ಇಲ್ಲ. ಮಾನಿಟರಿನ ಮೆನುವನ್ನು ಅಲ್ಲಿಗೆ ಸರಿಸಿದರೆ ಅದರ ಮೇಲೂ ಹಾದುಹೋಗುತ್ತದೆ. ಅಂದರೆ ಆ ಅಂಗಡಿಯವರು ಹೇಳಿದ್ದು ಗೆರೆಯ ಮಟ್ಟಿಗೆ ನಿಜವೇ ಆಯಿತು. ಅಂಚನ್ನು ಸ್ವಲ್ಪ ಒತ್ತಿದರೆ ಗೆರೆ ಮಾಯವಾಗುತ್ತದೆ, ಬಿಟ್ಟರೆ ಬರುತ್ತದೆ. ಒಂದು ಕಡ್ಡಿ ಸಿಕ್ಕಿಸಿಡಲೇ?

ದಾವಣಗೆರೆಯಿಂದ, ರಿಪೇರಿ ಕೆಲಸದವರು

ಕಡ್ಡಿ ಬೇಡ. ಇಂಥ ಪರದೆಯಲ್ಲಿ ಚುಕ್ಕಿಗಳ 1920 ಕಂಬಸಾಲು, ಪ್ರತಿಯೊಂದಕ್ಕೂ ಕೆಂಪು, ಹಸಿರು, ನೀಲಿ ಎಂದು ಮೂರು ಎಳೆ, ಒಟ್ಟು 5,760 ಎಳೆಗಳು ಗಾಜಿನ ಅಂಚಿನಲ್ಲಿ ತೆಳ್ಳನೆಯ ಫಿಲ್ಮಿಗೆ ಅಂಟಿಕೊಂಡಿರುತ್ತವೆ. ಬೆಸುಗೆಯಲ್ಲ, ಅಂಟು. ನಿಮ್ಮ ಗೆರೆ ಅದರಲ್ಲೊಂದು ಎಳೆ ಸಡಿಲವಾದದ್ದು. ಒತ್ತಿದಾಗ ತಾಗುತ್ತದೆ, ಆದರೆ ಒತ್ತುತ್ತಾ ಹೋದರೆ ಅಕ್ಕಪಕ್ಕದ ಎಳೆಗಳೂ ಬಿಡುತ್ತವೆ, ಗಾಜೂ ಬಿರಿಯಬಹುದು. ಬೆಸುಗೆ ಹಾಕಿ ಅದನ್ನು ಕೂರಿಸಲಾಗದು. ಇದ್ದ ಹಾಗೆ ಇರಲಿ.

ಸಾಗರದಿಂದ, ಪ್ರಶ್ನೆ ಕೇಳಿದವರು

ಸರಿ. ಟೂಲ್‌ಪಟ್ಟಿಯನ್ನು ಎಡಗಡೆಯಿಂದ ಬಲಗಡೆಗೆ ತಂದು ಗೆರೆಯ ಮೇಲೆ ಕೂರಿಸಿದ್ದೇನೆ. ಪತ್ರಿಕೆಯ ಪುಟ ಈಗ ಶುಭ್ರವಾಗಿದೆ. ಕೈ ಮಾತ್ರ ಇನ್ನೂ ಹಳೆಯ ಅಭ್ಯಾಸದಲ್ಲಿ ಎಡಕ್ಕೇ ಹೋಗುತ್ತದೆ.