ಸಹಾಯ ಬೇಕು: ಕೈಟಿನ್ ಕರಗುತ್ತಿದೆ, ಶಿಲೀಂಧ್ರ ಮಾತ್ರ ಜಗ್ಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮಣ್ಣಿನಿಂದ ಬೇರ್ಪಡಿಸಿದ ಒಂದು ಬ್ಯಾಸಿಲಸ್ ಬ್ಯಾಕ್ಟೀರಿಯಾ ಹಿಡಿದುಕೊಂಡು ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ಕೊಲಾಯ್ಡಲ್ ಕೈಟಿನ್ (ಶಿಲೀಂಧ್ರದ ಕೋಶಗೋಡೆಯಲ್ಲಿರುವ ಗಟ್ಟಿ ವಸ್ತುವಿನ ಮೆತ್ತನೆಯ ರೂಪ) ಬೆರೆಸಿದ ಅಗರ್ ಮೇಲೆ ಚುಕ್ಕೆ ಇಟ್ಟರೆ ನಾಲ್ಕನೇ ದಿನಕ್ಕೆ ಹಾಲಿನಂಥ ಮಬ್ಬಿನ ನಡುವೆ ತಿಳಿಯಾದ ಉಂಗುರ ಚೆನ್ನಾಗಿಯೇ ಬೀಳುತ್ತದೆ. ಅಂದರೆ ಕೈಟಿನ್ ಒಡೆಯುವ ಕಿಣ್ವ ಕೈಟಿನೇಸ್ ಹೊರಬರುತ್ತಿದೆ. ಆದರೆ ಅದೇ ಬ್ಯಾಕ್ಟೀರಿಯಾವನ್ನು ದ್ರವ ಮಾಧ್ಯಮದಲ್ಲಿ ಬೆಳೆಸಿ, ಸೆಂಟ್ರಿಫ್ಯೂಜ್ ಮಾಡಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಫ್ಯುಸೇರಿಯಂ ಶಿಲೀಂಧ್ರದ ಪಕ್ಕ ಅಗರ್‌ನಲ್ಲಿ ಕೊರೆದ ಗುಳಿಗೆ ಆ ದ್ರವ ತುಂಬಿದರೆ ಅದು ಕ್ಯಾರೇ ಅನ್ನುತ್ತಿಲ್ಲ. ಗುಳಿಯ ಮೇಲೆಯೇ ಹಬ್ಬಿಕೊಂಡು ಹೋಗುತ್ತದೆ!

ನನ್ನದೇ ಒಂದು ತಪ್ಪು ಮೊನ್ನೆ ಕಣ್ಣಿಗೆ ಬಿತ್ತು. ದ್ರವ ಮಾಧ್ಯಮಕ್ಕೆ ಗ್ಲುಕೋಸ್ ಹಾಕಿದ್ದೆ. ಸುಲಭದ ಸಕ್ಕರೆ ಸಿಕ್ಕರೆ ಬ್ಯಾಕ್ಟೀರಿಯಾ ಕೈಟಿನೇಸ್ ತಯಾರಿಸುವ ಗೋಜಿಗೇ ಹೋಗದೆ ಇರಬಹುದು. ಬಿಡುಗಡೆಯಾದ ಸಕ್ಕರೆಯನ್ನು ಬಣ್ಣದಿಂದ ಅಳೆಯುವ ಡಿಎನ್‌ಎಸ್ ಪರೀಕ್ಷೆಯಲ್ಲಿ ಬಂದ ಕೆಂಪು-ಕಂದು ಬಣ್ಣವೂ ಆ ಗ್ಲುಕೋಸಿನದ್ದೇ ಇರಬೇಕು, ನಾನು ಸುಮ್ಮನೆ ಖುಷಿಪಟ್ಟಿದ್ದೆ.

ಇನ್ನೊಂದು ಅನುಮಾನ. ಕೊಲಾಯ್ಡಲ್ ಕೈಟಿನ್ ಆಮ್ಲದಲ್ಲಿ ನೆನೆದು ಮೆತ್ತಗಾದದ್ದು. ಶಿಲೀಂಧ್ರದ ನಿಜವಾದ ಕೋಶಗೋಡೆಯಲ್ಲಿ ಕೈಟಿನ್ ಒಳಗಡೆ ಅಡಗಿರುತ್ತದೆ, ಅದಕ್ಕೆ ಬೀಟಾ-1,3-ಗ್ಲುಕಾನ್ ಎಂಬ ಸಕ್ಕರೆ ಸರಪಳಿ ಹೆಣೆದುಕೊಂಡಿರುತ್ತದೆ, ಹೊರಗೆ ಪ್ರೋಟೀನಿನ ಹೊದಿಕೆ ಬೇರೆ. ಆ ಗ್ಲುಕಾನ್ ಒಡೆಯುವ ಗ್ಲುಕನೇಸ್ ಜೊತೆಗಿಲ್ಲದೆ ಕೈಟಿನೇಸ್ ಒಂದೇ ಏನು ಮಾಡೀತು?

ಈಗ ಕೇಳಬೇಕಾದ್ದು: ಗ್ಲುಕೋಸ್ ಬಿಟ್ಟು, ಒಣಗಿಸಿ ಪುಡಿಮಾಡಿದ ಫ್ಯುಸೇರಿಯಂ ಮೈಸೀಲಿಯಂ (ಶಿಲೀಂಧ್ರದ ಎಳೆಗಳ ಜಾಲ) ಅನ್ನೇ ಆಹಾರವಾಗಿ ಕೊಟ್ಟರೆ ಎರಡೂ ಕಿಣ್ವ ಒಟ್ಟಿಗೆ ಬರುತ್ತವೆಯೇ? ಯಾರಾದರೂ ಮಾಡಿದ್ದೀರಾ, ಎಷ್ಟನೇ ದಿನ ಸೋಸಿದಿರಿ? ಅಮೋನಿಯಂ ಸಲ್ಫೇಟ್‌ನಿಂದ ಕಿಣ್ವವನ್ನು ಸಾಂದ್ರಗೊಳಿಸದೆ ಗುಳಿ ಪರೀಕ್ಷೆ ಮಾಡುವುದು ವ್ಯರ್ಥವೇ?

ಅಂದಹಾಗೆ, ಜೀವಂತ ಬ್ಯಾಸಿಲಸ್ ಎದುರು ಇಟ್ಟರೆ ಶಿಲೀಂಧ್ರ ದೂರವೇ ನಿಲ್ಲುತ್ತದೆ. ಅದು ಲಿಪೊಪೆಪ್ಟೈಡ್ (ಬ್ಯಾಸಿಲಸ್ ಸ್ರವಿಸುವ, ಶಿಲೀಂಧ್ರವನ್ನು ತಡೆಯುವ ಅಣು) ಕೆಲಸವೂ ಇರಬಹುದಲ್ಲ? ಕುದಿಸಿದರೆ ಕಿಣ್ವ ಕೆಡುತ್ತದೆ, ಲಿಪೊಪೆಪ್ಟೈಡ್ ಸಾಮಾನ್ಯವಾಗಿ ಉಳಿಯುತ್ತದೆ; ಅದಕ್ಕೇ ಹೊಸದಾಗಿ ಸೋಸಿದ್ದನ್ನು ಕುದಿಸಿ ಕೂಡ ನೋಡಬೇಕೆಂದಿದ್ದೇನೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.