ಅಪ್‌ಡೇಟ್: ಶ್ವಾರ್ಟ್ಸ್‌ಹಾರ್ನ್ ಅರ್ಧಕ್ಕೇ ಬಿಟ್ಟು ಬಂದ್ವಿ

ಹಿಮಕುಸಿತದ ಅಪಾಯ 5ಕ್ಕೆ 3 ಇದ್ದಾಗ ಸ್ವಿಟ್ಜರ್ಲೆಂಡಿನ ದಾವೋಸ್ ಹತ್ತಿರದ 3,146 ಮೀಟರಿನ ಶಿಖರ ಫ್ಲುಯೆಲಾ ಶ್ವಾರ್ಟ್ಸ್‌ಹಾರ್ನ್‌ಗೆ ಸ್ಕೀ ಟೂರಿಂಗ್ (ಸ್ಕೀ ಹಾಕ್ಕೊಂಡೇ ಬೆಟ್ಟ ಹತ್ತಿ ಇಳಿಯೋದು) ಹೋಗಬಹುದಾ ಅಂತ ಇಲ್ಲಿ ಕೇಳಿದ್ದೆ. 30 ಡಿಗ್ರಿಗಿಂತ ಕಡಿದಾದ ಕಡೆ ಕಾಲಿಡಬೇಡಿ ಅಂದಿದ್ರಿ.

ಶನಿವಾರ ಹೋದ್ವಿ. ಬೆಳಿಗ್ಗೆ ಬೀಕನ್ (ಹಿಮದಡಿ ಸಿಕ್ಕವರನ್ನ ಹುಡುಕೋಕೆ ಸಿಗ್ನಲ್ ಕೊಡೋ ಸಾಧನ) ಪರೀಕ್ಷೆ ಮಾಡಿ, ಸ್ಕೀ ಅಡಿಗೆ ಹತ್ತುವಾಗ ಹಿಂದಕ್ಕೆ ಜಾರದಂತೆ ತಡೆಯೋ ಸ್ಕಿನ್ ಪಟ್ಟಿ ಅಂಟಿಸಿ ಹತ್ತೋಕೆ ಶುರು ಮಾಡಿದ್ವಿ. ಎರಡು ಗಂಟೆ ಆರಾಮಾಗಿತ್ತು. ಆಮೇಲೆ ಒಂದು ಸಮತಟ್ಟಿನಲ್ಲಿ ಕಾಲ ಕೆಳಗೆ 'ಧುಮ್' ಅಂತು. ಹಿಮ ಒಂದಿಷ್ಟು ಕುಸಿದು, ನನ್ನ ಸ್ಕೀ ತುದಿಯಿಂದ ಕೂದಲೆಳೆಯಂಥ ಬಿರುಕು ಓಡಿತು. ಒಳಗಿನ ಪದರ ಸಡಿಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಮುಂದಿದ್ದದ್ದು ಕಡಿದಾದ ಇಳಿಜಾರು. ಯಾರೂ ವಾದ ಮಾಡಲಿಲ್ಲ, ಸ್ಕಿನ್ ಕಿತ್ತು ಜಾಕೆಟ್ಟಿಗೆ ತುರುಕಿ, ಹತ್ತಿದ ದಾರಿಯಲ್ಲೇ ಇಳಿದ್ವಿ.

ಎಚ್ಚರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ. ಏಪ್ರಿಲ್‌ನಲ್ಲಿ ಹಿಮ ಗಟ್ಟಿಯಾದ ಮೇಲೆ ಮತ್ತೆ ನೋಡ್ತೀವಿ.